ಆಳಕ್ಕೆ ಅಗೆಯದೆ ಕಟ್ಟೋದು ಹೇಗೆ? ಸ್ಟೋನ್‌ಹೆಂಜ್ ಕೊಟ್ಟ ಉತ್ತರ

ಸಿವಿಲ್ ಬ್ರಾಂಚಿನ ಗೆಳೆಯರಿಗೆ ಒಂದು ಪ್ರಶ್ನೆ. ಸೈಟ್ ಇದೆ, ದುಡ್ಡೂ ಇದೆ. ಆದ್ರೆ ಆಳಕ್ಕೆ ಅಗೆಯೋ ಹಾಗಿಲ್ಲ. ಮುಂದೆ ಯಾವತ್ತೋ ಬೇಡ ಅನ್ನಿಸಿದರೆ ಕಟ್ಟಡವನ್ನು ಬಿಚ್ಚಿ ತೆಗೆಯೋಕೆ ಬರಬೇಕು. ವರ್ಷಕ್ಕೆ ಸುಮಾರು ಹತ್ತು ಲಕ್ಷ ಜನಕ್ಕೆ ಟಿಕೆಟ್ ಕೌಂಟರ್, ಟಾಯ್ಲೆಟ್, ಕೆಫೆ, ಪಾರ್ಕಿಂಗ್ ಎಲ್ಲಾ ಬೇಕು. ಇಷ್ಟಾದರೂ ಸ್ಮಾರಕದ ಹತ್ತಿರ ನಿಂತವರಿಗೆ ಆ ಕಟ್ಟಡ ಕಾಣಬಾರದು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗೆ ವಿಸಿಟರ್ ಸೆಂಟರ್ ಕಟ್ಟುವಾಗ ಇದ್ದ ಸಮಸ್ಯೆ ಹೆಚ್ಚುಕಡಿಮೆ ಇದೇ.

ಹಳೆಯ ವ್ಯವಸ್ಥೆಯನ್ನ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೇ ದೇಶಕ್ಕೆ ಅವಮಾನ ಅಂತ ಬೈದಿತ್ತು. ಕಾರ್ ಪಾರ್ಕ್ ಕಲ್ಲುಗಳ ಪಕ್ಕದಲ್ಲೇ ಇತ್ತು. ಎ344 ಅನ್ನೋ ರಸ್ತೆ, ಸ್ಮಾರಕಕ್ಕೆ ಬರುವ ಪ್ರಾಚೀನ ಹಾದಿಯನ್ನೇ ಕತ್ತರಿಸಿಕೊಂಡು ಹೋಗುತ್ತಿತ್ತು. ಇನ್ನೊಂದು ಸಂಗತಿ ಕೇಳಿ. 1966ರಲ್ಲಿ ಆ ಕಾರ್ ಪಾರ್ಕ್ ಕೆಲಸ ನಡೆಯುವಾಗ ನೆಲದಲ್ಲಿ ಗುಂಡಿಗಳು ಸಿಕ್ಕವು. ಪೈನ್ ಮರದ ಕಂಬಗಳನ್ನು ನೆಟ್ಟಿದ್ದ ಗುಂಡಿಗಳವು, ಸುಮಾರು ಹತ್ತು ಸಾವಿರ ವರ್ಷ ಹಳೆಯವು, ಅಂದ್ರೆ ಸ್ಟೋನ್‌ಹೆಂಜ್‌ಗಿಂತಲೂ ಎಷ್ಟೋ ಹಿಂದಿನವು! ಡಾಂಬರಿನ ಮೇಲೆ ಬಿಳಿ ಗುರುತು ಹಾಕಿ, ಪಕ್ಕದಲ್ಲೇ ಕಾರು ನಿಲ್ಲಿಸಿಕೊಂಡಿದ್ದರು.

ಇಂಥ ಕಡೆ ಖಾಲಿ ಜಾಗ ಅನ್ನೋದೇ ಇಲ್ಲ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಬಹುದು, ಸ್ಟೋನ್‌ಹೆಂಜ್‌ನಲ್ಲೇ ಹಾಗೆ ಮಾಡಿದ್ದಾರೆ. ಆದ್ರೆ ಬೂದಿ, ಮೂಳೆ, ಕಂಬದ ಗುಂಡಿ ಇರೋ ಮಣ್ಣಿನ ಪದರವನ್ನ ಜೆಸಿಬಿ ಒಂದು ಸಲ ಕೆದಕಿದರೆ ಮತ್ತೆ ಜೋಡಿಸೋಕೆ ಯಾರಿಂದಲೂ ಆಗಲ್ಲ.

ಡೆಂಟನ್ ಕಾರ್ಕರ್ ಮಾರ್ಷಲ್ ಸಂಸ್ಥೆ ವಿನ್ಯಾಸ ಮಾಡಿದ ಹೊಸ ಕೇಂದ್ರ 2013ರ ಡಿಸೆಂಬರ್‌ನಲ್ಲಿ ತೆರೆಯಿತು. ಪೈಲ್ ಹಾಕಿದರೆ ಭಾರ ಆಳಕ್ಕಿಳಿಯುತ್ತೆ, ಜೊತೆಗೆ ಪದರಗಳನ್ನೂ ತೂತು ಮಾಡುತ್ತೆ. ಅದಕ್ಕೇ ಇಲ್ಲಿ ಕಾಂಕ್ರೀಟಿನ ರಾಫ್ಟ್ ಹಾಕಿದ್ದಾರೆ, ಅಂದ್ರೆ ನೆಲದ ಮೇಲೆ ಚಾಪೆ ಹಾಸಿದ ಹಾಗೆ. ನಮಗೆ ಗೊತ್ತಿರೋ ಲೆಕ್ಕವೇ: 400 ಕಿಲೋನ್ಯೂಟನ್ ಭಾರ 1 ಚದರ ಮೀಟರ್ ಮೇಲೆ ಕೂತರೆ ಒತ್ತಡ 400 ಕಿಲೋಪಾಸ್ಕಲ್, ಅದನ್ನೇ 20 ಚದರ ಮೀಟರಿಗೆ ಹರಡಿದರೆ ಬರೀ 20. ಮೇಲಿನ ಕಟ್ಟಡ ಹಗುರವಾಗಿದ್ದಷ್ಟೂ ಈ ಕೆಲಸ ಸುಲಭ. ಹಾಗಾಗಿ ಒಂದು ಮರದ ಪೆಟ್ಟಿಗೆ, ಒಂದು ಗಾಜಿನ ಪೆಟ್ಟಿಗೆ, ಎರಡರ ಮೇಲೂ ಅಲೆಯಂತೆ ಬಾಗಿದ ತೆಳು ಚಾವಣಿ. ಅದನ್ನು ಹೊತ್ತಿರೋದು ಒಂದೊಂದು ಕಡೆ ಒಂದೊಂದು ಕೋನದಲ್ಲಿ ವಾಲಿದ 211 ಸಪೂರ ಕಂಬಗಳು. ಫೋಟೋದಲ್ಲಿ ನೋಡಿದರೆ ಅಡಿಕೆ ತೋಟಕ್ಕೆ ಗಾಳಿ ಬೀಸಿದ ಹಾಗಿದೆ.

ಆದ್ರೂ ನಮ್ಮ ಪ್ರಕಾರ ಇಡೀ ವಿನ್ಯಾಸದ ಗಟ್ಟಿ ನಿರ್ಧಾರ ಕಂಬದ್ದೂ ಅಲ್ಲ, ಪಾಯದ್ದೂ ಅಲ್ಲ, ದೂರದ್ದು. ಕೇಂದ್ರ ಇರೋದು ಕಲ್ಲುಗಳಿಂದ ಸುಮಾರು 2.4 ಕಿಲೋಮೀಟರ್ ಆಚೆ. ಅಲ್ಲಿಂದ ಕಲ್ಲು ಕಾಣಲ್ಲ, ನಡೀಬೇಕು ಇಲ್ಲಾ ಬಸ್ ಹತ್ತಬೇಕು. ಮೊದಲು ಲ್ಯಾಂಡ್‌ರೋವರ್ ಎಳೆಯೋ ಬೋಗಿಗಳನ್ನ ಇಟ್ಟಿದ್ದರು, ಜನಕ್ಕೆ ಸಾಲದೆ ಬಸ್ಸು ತರಬೇಕಾಯ್ತು. ದುಡ್ಡು ಕೊಟ್ಟು ಬಂದವರಿಗೆ ಕಿರಿಕಿರಿಯೇ ಬಿಡಿ. ಆದ್ರೆ ಈ ದೂರದಿಂದಲೇ ಎ344 ಮುಚ್ಚಿ ಹುಲ್ಲು ಬೆಳೆಸೋಕೆ ಆಯ್ತು. ಡಾಂಬರು ಕಿತ್ತಾಗ ಅಡಿಯಲ್ಲಿ ಆ ಪ್ರಾಚೀನ ಹಾದಿಯ ಎರಡೂ ಬದಿಯ ಕಾಲುವೆಗಳ ಗುರುತು ಹಾಗೇ ಉಳಿದಿತ್ತು.

ಸ್ಟೋನ್‌ಹೆಂಜ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 1986ರಲ್ಲೇ ನಮ್ಮ ಹಂಪಿಯೂ ಸೇರಿತು. ಹಾಗಂತ ಎಲ್ಲವನ್ನೂ ದೂರ ಇಡೋ ಸೂತ್ರವನ್ನ ಹಂಪಿಗೆ ಕಾಪಿ ಪೇಸ್ಟ್ ಮಾಡೋಕಾಗಲ್ಲ. ಅಲ್ಲಿ ಕಲ್ಲಿನ ಸುತ್ತ ಇರೋದು ಕುರಿ ಮೇಯೋ ಹುಲ್ಲುಗಾವಲು. ಇಲ್ಲಿ ವಿರೂಪಾಕ್ಷನಿಗೆ ದಿನಾ ಪೂಜೆ ಇದೆ, ಬಾಳೆ ತೋಟ ಇದೆ, ಊರೇ ಇದೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನ ತೆರವು ಮಾಡಿದಾಗ ಸ್ಮಾರಕದಿಂದ ದೂರ ಸರಿದದ್ದು ಪಾರ್ಕಿಂಗ್ ಅಲ್ಲ, ಅಲ್ಲೇ ಬದುಕುತ್ತಿದ್ದ ಕುಟುಂಬಗಳು.