ಕಾಗದತೊಗಟೆಯ ಮೇಪಲ್ ವೃಕ್ಷವೂ ಅದರ ಬೀಜಪರೀಕ್ಷೆಯೂ

ಉದ್ಯಾನಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುವ ವೃಕ್ಷಗಳಲ್ಲಿ ಕೆಲವು ಹೂವಿನಿಂದಲೂ ಕೆಲವು ಎಲೆಗಳಿಂದಲೂ ಪ್ರಸಿದ್ಧವಾಗಿರುವುವು. ತೊಗಟೆಯ ಸೊಬಗಿನಿಂದಲೇ ಹೆಸರು ಪಡೆದವು ವಿರಳ. ಅಂಥವುಗಳಲ್ಲಿ ಚೀನಾ ದೇಶದ ಕಾಗದತೊಗಟೆಯ ಮೇಪಲ್ ಮುಖ್ಯವಾದುದು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಏಸರ್ ಗ್ರಿಸಿಯಂ ಎಂದು ಹೆಸರು. ನಮ್ಮ ಗ್ರಾಮಗಳಲ್ಲಿ ಪರಿಚಿತವಾದ ಅಂಟುವಾಳದ ಮರವು ಸೇರಿರುವ ಸಸ್ಯಕುಟುಂಬಕ್ಕೇ ಇದೂ ಸೇರಿದ್ದು. ಈ ವೃಕ್ಷದ ಬೀಜದಲ್ಲಿರುವ ಒಂದು ದೋಷವು ಬೀಜ ಬಿತ್ತುವವರೆಲ್ಲರೂ ಗಮನಿಸತಕ್ಕದ್ದಾಗಿರುವುದರಿಂದ ಇದರ ವಿಚಾರವನ್ನು ಇಲ್ಲಿ ಸಂಗ್ರಹವಾಗಿ ಹೇಳಿದೆ.

ಸ್ವರೂಪ.— ತೋಟಗಳಲ್ಲಿ ಇದು ಸಾಧಾರಣವಾಗಿ 20ರಿಂದ 30 ಅಡಿ ಎತ್ತರಕ್ಕೆ, ಬಹು ನಿಧಾನವಾಗಿ ಬೆಳೆಯುವುದು. ತೊಗಟೆಯು ದಾಲ್ಚಿನ್ನಿಯ ಬಣ್ಣದ್ದಾಗಿದ್ದು, ತೆಳುವಾದ ಕಾಗದದಂತೆ ಸುರುಳಿ ಸುರುಳಿಯಾಗಿ ಬಿಡುವುದು. ಒಂದೊಂದು ಎಲೆಯಲ್ಲಿಯೂ ಮೂರು ಕಿರುದಳಗಳಿರುವುವು. ಇವು ಶರತ್ಕಾಲದಲ್ಲಿ ಕೆಂಪಾಗಿ ಉದುರುವುದರಿಂದ ಚಳಿಗಾಲದಲ್ಲಿ ತೊಗಟೆಯ ಅಂದವು ಪೂರ್ತಿಯಾಗಿ ಕಾಣುವುದು.

ಚರಿತ್ರೆ.— ಹೂಬೇ, ಸಿಚುವಾನ್, ಶಾನ್‌ಶಿ ಮೊದಲಾದ ಪ್ರಾಂತಗಳ ಬೆಟ್ಟದ ಕಾಡುಗಳು ಇದರ ತೌರು. 1901ರಲ್ಲಿ ಅರ್ನೆಸ್ಟ್ ಹೆನ್ರಿ ವಿಲ್ಸನ್ ಎಂಬ ಸಸ್ಯಸಂಗ್ರಾಹಕನು ವೀಚ್ ಎಂಬ ಸಸ್ಯವ್ಯಾಪಾರಿಗಳ ಪರವಾಗಿ ಇದನ್ನು ಇಂಗ್ಲೆಂಡಿಗೆ ತಂದನು. ಪಾಶ್ಚಾತ್ಯ ಉದ್ಯಾನಗಳಲ್ಲಿ ಇದು ಈಗ ಸಾಮಾನ್ಯವಾಗಿದ್ದರೂ, ಆ ಮರಗಳಲ್ಲಿ ಬಹುಭಾಗವು ಮೊದಲು ತಂದ ಕೆಲವೇ ಗಿಡಗಳ ಸಂತತಿಯೆಂದು ತಿಳಿಯಲಾಗಿದೆ. ತೌರಿನ ಕಾಡುಗಳಲ್ಲಾದರೋ ಇದು ಚದುರಿ ಕ್ಷೀಣಿಸಿ, ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಆದಕಾರಣ 2015ರಲ್ಲಿ ಅಮೆರಿಕಾದ ವೃಕ್ಷೋದ್ಯಾನಗಳ ಶಾಸ್ತ್ರಜ್ಞರು ಚೀನೀ ಶಾಸ್ತ್ರಜ್ಞರೊಡಗೂಡಿ ಅಲ್ಲಿನ ಕಾಡುಗಳಲ್ಲಿ ಸಂಚರಿಸಿ ಇದನ್ನು ಪರಿಶೀಲಿಸಿದರು.

ಬೀಜದ ದೋಷ.— ಈ ಮರವು ರೆಕ್ಕೆಯುಳ್ಳ ಜೋಡಿಕಾಯಿಗಳನ್ನು ಹೇರಳವಾಗಿ ಬಿಡುವುದು. ಆದರೆ ಪರಾಗಸಂಪರ್ಕವಿಲ್ಲದೆಯೂ ಕಾಯಿ ಕಟ್ಟುವುದರಿಂದ ಬಹುಪಾಲು ಕಾಯಿಗಳು ಹೊರಗೆ ಬಲಿತಂತೆ ಕಂಡರೂ ಒಳಗೆ ಜೊಳ್ಳಾಗಿರುವುವು. ನೂರಕ್ಕೆ ಹತ್ತಕ್ಕಿಂತಲೂ ಕಡಮೆ ಗಟ್ಟಿಬೀಜ ದೊರೆಯುವುದು ಅಪರೂಪವಲ್ಲ. ಒಂಟಿಯಾಗಿ ನೆಟ್ಟ ಮರದಲ್ಲಿ ಈ ದೋಷವು ಹೆಚ್ಚು; ಹಲವು ಮರಗಳು ಒಟ್ಟಿಗಿರುವಲ್ಲಿ ಕಡಮೆ. ಆದುದರಿಂದ ಬಿತ್ತುವ ಮುನ್ನ ನೂರು ಕಾಯಿಗಳನ್ನು ಸೀಳಿ, ತಿರುಳುಳ್ಳವನ್ನು ಎಣಿಸತಕ್ಕದ್ದು. ನೂರಕ್ಕೆ ಐದು ಗಟ್ಟಿಯಿದ್ದಲ್ಲಿ, 50 ಸಸಿಗಳು ಬೇಕಾದವರು ಸಾವಿರ ಕಾಯಿಗಳಿಗಿಂತಲೂ ಹೆಚ್ಚಾಗಿ ಬಿತ್ತಬೇಕಾಗುವುದು. ಏಕೆಂದರೆ ಗಟ್ಟಿಬೀಜಗಳೆಲ್ಲವೂ ಮೊಳೆಯುವುದಿಲ್ಲ.

ಬೇಸಾಯ.— ಸಿಪ್ಪೆಯು ಗಡುಸಾಗಿರುವುದಲ್ಲದೆ ಬೀಜವು ಶೀತವನ್ನೂ ಅಪೇಕ್ಷಿಸುವುದರಿಂದ, ಮೊಳಕೆಯು ಎರಡನೆಯ ಅಥವಾ ಮೂರನೆಯ ವಸಂತದಲ್ಲಿ ಕಾಣಿಸಿಕೊಳ್ಳುವುದುಂಟು. ಅಲ್ಲಿಯವರೆಗೆ ಸಸಿಮಡಿಯನ್ನು ಕೆದಕದೆ, ತೇವವಾರದಂತೆಯೂ ಇಲಿಗಳು ಮುಟ್ಟದಂತೆಯೂ ಕಾಪಾಡಬೇಕು. ಕಡ್ಡಿಗಳು ಬೇರು ಬಿಡುವುದು ಕಷ್ಟ. ನೀರು ನಿಲ್ಲದ, ಆದರೂ ತೇವವುಳ್ಳ ಭೂಮಿಯು ಉತ್ತಮ. ಬುಡಕ್ಕೆ ತರಗೆಲೆ ಹೊದಿಸತಕ್ಕದ್ದು. ವಸಂತಾಗಮನದಲ್ಲಿ ಕೊಂಬೆ ಕಡಿದರೆ ರಸವು ಸೋರುವುದರಿಂದ, ಎಲೆಯುದುರಿದ ಬಳಿಕ ಚಳಿಗಾಲದ ಮಧ್ಯದೊಳಗೆ ಸವರುವುದು ಲೇಸು.

ನಮ್ಮ ಸೀಮೆಗೆ ಅನ್ವಯ.— ಇದು ದೀರ್ಘವಾದ ಕೊರೆಯುವ ಚಳಿಗಾಲವುಳ್ಳ ದೇಶಗಳ ವೃಕ್ಷ. ನಮ್ಮ ಮೈದಾನದ ಗ್ರಾಮಗಳಲ್ಲಿ ಅಂಥ ಚಳಿಯಿಲ್ಲವಾದ್ದರಿಂದ, ಚಿತ್ರವನ್ನು ನೋಡಿ ಮೆಚ್ಚಿ ಇದರ ಬೀಜಕ್ಕೆ ಹಣ ಕೊಡುವುದು ವ್ಯರ್ಥ. ಪರೀಕ್ಷೆಯ ಕ್ರಮವಾದರೋ ಇಲ್ಲಿಗೂ ಸಲ್ಲತಕ್ಕದ್ದು. ರಾಗಿ, ಜೋಳ, ತೊಗರಿಗಳಲ್ಲಿ ಸೀಳುವ ಆವಶ್ಯಕತೆಯಿಲ್ಲ. ಚೀಲದ ಮೇಲುಭಾಗ, ನಡುಭಾಗ, ತಳಭಾಗಗಳಿಂದ ಬೀಜ ತೆಗೆದು ಬೆರೆಸಿ, ನೂರನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆಯು ಒಣಗದಂತೆ ನೋಡಿಕೊಂಡು, ಒಂದು ವಾರದ ಬಳಿಕ ಮೊಳೆತವನ್ನು ಲೆಕ್ಕ ಹಾಕಿದರೆ ಸಾಕು. ಮುಂಗಾರಿನ ಹದವು ಒಮ್ಮೆ ತಪ್ಪಿದರೆ ಆ ವರ್ಷಕ್ಕೆ ಮರಳಿ ದೊರಕದಿರಬಹುದು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮಳೆಗೆ ಹದಿನೈದು ದಿನ ಮೊದಲೇ ಈ ಪರೀಕ್ಷೆಯನ್ನು ನಡೆಸಿ, ಬೀಜವು ದುರ್ಬಲವೆಂದು ಕಂಡುಬಂದರೆ ಬೇರೆ ಬೀಜವನ್ನು ಒದಗಿಸಿಕೊಳ್ಳತಕ್ಕದ್ದು. ತಮ್ಮ ಗೇಣಿದಾರರಿಗೂ ನೆರೆಯ ಸಣ್ಣ ರೈತರಿಗೂ ಇದನ್ನು ಮಾಡಿ ತೋರಿಸತಕ್ಕದ್ದು.