ಓದುಗರಿದ್ದಾರೆ, ಕೂಡುವ ಜಾಗ ಬೇಕು

ನಿವೃತ್ತಿಯ ನಂತರ ಶಿಗ್ಗಾಂವಿಗೆ ಬಂದು ನೆಲೆಸಿದ ಎರಡನೆಯ ವರ್ಷ. ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯವೊಂದರಿಂದ ರಾವ್ ಬಹದ್ದೂರರ ‘ಗ್ರಾಮಾಯಣ’ ಕಾದಂಬರಿಯನ್ನು ಎರವಲು ತಂದಿದ್ದೆ. ಧಾರವಾಡದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಓದಿದ್ದ ಪುಸ್ತಕ ಅದು. ಹಿಂದಿರುಗಿಸುವ ಮುನ್ನ, ಕೊನೆಯ ಪುಟಕ್ಕೆ ಅಂಟಿಸಿದ್ದ ದಿನಾಂಕದ ಚೀಟಿಯ ಮೇಲೆ ಕಣ್ಣು ಬಿತ್ತು. ಹಲವು ವರ್ಷಗಳ ಕಾಲ ಅದರಲ್ಲಿ ಒಂದು ಮುದ್ರೆಯೂ ಇರಲಿಲ್ಲ. ಆಮೇಲೆ ಒಂದೇ ವರ್ಷದಲ್ಲಿ ನಾಲ್ಕು ಮುದ್ರೆಗಳು. ಎಂದರೆ, ಈ ಊರಿನಲ್ಲಿ ಈ ಪುಸ್ತಕವನ್ನು ಓದಿದವರು ನನ್ನ ಹೊರತು ಇನ್ನೂ ಇದ್ದಾರೆ.

ಗ್ರಂಥಪಾಲಕರನ್ನು ಕೇಳಿದೆ. ‘ಒಮ್ಮೆ ಒಯ್ದವರು ಒಬ್ಬರು ಬಸ್ ಕಂಡಕ್ಟರ್ ರೀ ಸರ. ಉಳಿದ ಮೂರೂ ಸಲ ಪ್ಯಾಟ್ಯಾಗ ಹೊಲಿಗಿ ಅಂಗಡಿ ಇಟ್ಟಾರಲ್ರಿ, ಆ ಅಕ್ಕಾರು’ ಎಂದರು. ಕುತೂಹಲ ತಡೆಯಲಾರದೆ ಅಂಗಿಯೊಂದನ್ನು ಸರಿಪಡಿಸುವ ನೆಪದಲ್ಲಿ ಆ ಅಂಗಡಿಗೆ ಹೋದೆ. ಒಂದೇ ಪುಸ್ತಕವನ್ನು ಮೂರು ಸಲ ಏಕೆ ಓದಿದಿರಿ ಎಂದು ವಿಚಾರಿಸಿದಾಗ ಆ ಹೆಣ್ಣುಮಗಳು ಯಂತ್ರದಿಂದ ತಲೆ ಎತ್ತದೆಯೇ ಹೇಳಿದರು: ‘ಕಡೀಕ ಹಂಗ್ಯಾಕ ಆತು ಅಂತ ಕೇಳಾಕ ಯಾರೂ ಇರಲಿಲ್ರಿ. ಅದಕ್ಕ ಮತ್ತ ಓದಿದೆ.’

ಮೂವತ್ತು ವರ್ಷಗಳಿಗೂ ಮಿಕ್ಕಿದ ಸರ್ಕಾರಿ ಸೇವೆಯಲ್ಲಿ ನಾನು ಕಂಡ ವರದಿಗಳಾವುವೂ ಈ ಒಂದು ಮಾತಿನಷ್ಟು ಸ್ಪಷ್ಟವಾಗಿ ನಮ್ಮ ಸಣ್ಣ ಊರುಗಳ ಓದಿನ ಸ್ಥಿತಿಯನ್ನು ಹೇಳಿರಲಿಲ್ಲ.

ಒಂದು ತಪ್ಪೊಪ್ಪಿಗೆ

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅಂದಿನ ಮೈಸೂರು ರಾಜ್ಯದಲ್ಲಿ 1965ರಲ್ಲಿ ರೂಪುಗೊಂಡ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ದೇಶದಲ್ಲೇ ಮೊದಮೊದಲ ಗ್ರಂಥಾಲಯ ಶಾಸನಗಳಲ್ಲಿ ಒಂದು. ಅದರ ಮೇರೆಗೆ ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯ ಕರ ಸೇರುತ್ತದೆ. ವಸೂಲಿ ಮಾಡುವವರು ಸ್ಥಳೀಯ ಸಂಸ್ಥೆಗಳು. ಅದನ್ನು ಗ್ರಂಥಾಲಯಕ್ಕೆ ಸಂದಾಯ ಮಾಡಬೇಕಾದವರೂ ಅವರೇ. ಸಭೆಗಳಲ್ಲಿ ಈ ಬಾಬಿನ ಅಂಕಿಗಳು ನನ್ನ ಮುಂದೆ ಬರುತ್ತಿದ್ದವು. ‘ಬಾಕಿ’ ಎಂಬ ಕಲಮಿನ ಕೆಳಗೆ ಒಂದು ಸಹಿ ಹಾಕಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ. ಗ್ರಂಥಾಲಯ ಕಟ್ಟಡಗಳ ಉದ್ಘಾಟನೆಗೆ ಹೋಗಿದ್ದೇನೆ, ಟೇಪು ಕತ್ತರಿಸುವಾಗ ಪಕ್ಕದಲ್ಲಿ ನಿಂತಿದ್ದೇನೆ. ಅವುಗಳಲ್ಲಿ ಒಂದರಲ್ಲಿಯಾದರೂ ಅರ್ಧ ಗಂಟೆ ಕುಳಿತು ಓದಿದ ನೆನಪಿಲ್ಲ.

ಸೇವೆಯಲ್ಲಿದ್ದಷ್ಟು ಕಾಲ ನಾನೂ ‘ಈಗ ಯಾರು ಓದುತ್ತಾರೆ?’ ಎಂದು ಲೊಚಗುಟ್ಟುವವರ ಸಾಲಿನಲ್ಲೇ ಇದ್ದೆ. ಆ ದಿನಾಂಕದ ಚೀಟಿ ನನ್ನ ಪ್ರಶ್ನೆಯನ್ನೇ ಬದಲಿಸಿತು. ಓದುಗರು ಇಲ್ಲವೆಂಬುದು ಸುಳ್ಳು. ಒಬ್ಬ ಓದುಗನಿಗೆ ಇನ್ನೊಬ್ಬ ಓದುಗ ಇರುವುದು ಗೊತ್ತಿಲ್ಲ ಎಂಬುದು ನಿಜ. ಕೊಳ್ಳುವವನೂ ಮಾರುವವನೂ ಒಂದೇ ಊರಿನಲ್ಲಿದ್ದು, ಪರಸ್ಪರ ಭೇಟಿಯಾಗದ ಕಾರಣದಿಂದಲೇ ವ್ಯವಹಾರ ನಡೆಯದೆ ಹೋಗುವುದುಂಟು. ಅರ್ಥಶಾಸ್ತ್ರದಲ್ಲಿ ಇದನ್ನು ಹುಡುಕಾಟದ ವೆಚ್ಚ ಎನ್ನುತ್ತಾರೆ. ಅದಕ್ಕಾಗಿಯೇ ನಮ್ಮ ಹಿರಿಯರು ವಾರಕ್ಕೊಂದು ಸಂತೆ ಮಾಡಿದರು. ಕಾಳಿಗೆ, ದನಕ್ಕೆ, ಬಟ್ಟೆಗೆ ಸಂತೆಯುಂಟು. ಓದಿದ್ದನ್ನು ಹಂಚಿಕೊಳ್ಳುವುದಕ್ಕೆ ಇಲ್ಲ.

ಅಧ್ಯಕ್ಷ ಭಾಷಣದ ಫಲ

ಪರಿಚಿತ ಶಿಕ್ಷಕರೊಬ್ಬರ ಮನೆಯ ಪಡಸಾಲೆಯಲ್ಲಿ ಒಂದು ಸಂಜೆ ಒಂಬತ್ತು ಜನ ಸೇರಿದೆವು. ಕಂಡಕ್ಟರ್, ಹೊಲಿಗೆಯ ಅಕ್ಕ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಇಬ್ಬರು ಹುಡುಗರು, ಒಬ್ಬ ಔಷಧದಂಗಡಿಯವರು, ಎಪ್ಪತ್ತು ದಾಟಿದ ರೈತರೊಬ್ಬರು, ಇಬ್ಬರು ಶಿಕ್ಷಕರು ಮತ್ತು ನಾನು. ಅಭ್ಯಾಸಬಲ ಎನ್ನಿ, ನಾನು ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. ಓದಿನ ಮಹತ್ವ, ಮಾನವ ಸಂಪನ್ಮೂಲ, ಅಮರ್ತ್ಯ ಸೇನ್ ಎಂದೆಲ್ಲ ನಲವತ್ತು ನಿಮಿಷ ಮಾತನಾಡಿದೆ. ಎಲ್ಲರೂ ಸಭ್ಯರಾಗಿ ಕೇಳಿದರು. ಎರಡನೆಯ ಸಭೆಗೆ ಐದು ಜನ ಬಂದರು. ಮೂರನೆಯದಕ್ಕೆ ಮನೆಯ ಯಜಮಾನರು, ಒಬ್ಬ ಹುಡುಗ ಮತ್ತು ನಾನು. ಆ ಹುಡುಗನಿಗೂ ಸಂದರ್ಶನದ ಬಗ್ಗೆ ನನ್ನಿಂದ ಸಲಹೆ ಬೇಕಿತ್ತಂತೆ.

ಶಿಕ್ಷಕರು ಬಹಳ ಸಂಕೋಚದಿಂದ ಕಾರಣ ತಿಳಿಸಿದರು: ‘ಸರ್, ನೀವು ಮಾತಾಡಿದ ಮೇಲೆ ಬೇರೆಯವರಿಗೆ ಮಾತಾಡೋದಕ್ಕೆ ಏನೂ ಉಳಿಯೋದಿಲ್ಲ.’ ಸೇವೆಯಲ್ಲಿದ್ದಾಗ ಯಾವ ಮೇಲಧಿಕಾರಿಯೂ ನನ್ನ ಬಗ್ಗೆ ಇಷ್ಟು ನಿಖರವಾದ ಗೋಪ್ಯ ವರದಿ ಬರೆದಿರಲಿಕ್ಕಿಲ್ಲ. ಹೊಲಿಗೆಯ ಅಕ್ಕ ಬಾರದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಸಂಜೆ ಆರೂವರೆ ಎಂದರೆ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತು. ಸಮಯ ಗೊತ್ತುಮಾಡಿದ ನಾನು ಆ ಬಗ್ಗೆ ಯಾರನ್ನೂ ಕೇಳಿರಲಿಲ್ಲ.

ಸಭೆಯನ್ನು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬದಲಿಸಿದೆವು. ನಾನು ಕೊನೆಯಲ್ಲಿ, ಅದೂ ಕೇಳಿದರೆ ಮಾತ್ರ, ಮಾತನಾಡುವುದೆಂದಾಯಿತು. ಹಿಂದೆ ಬಂದಿದ್ದವರ ಬಳಿಗೆ ಹೋಗಿ ಮತ್ತೆ ಕರೆದೆ. ಪುಸ್ತಕವನ್ನು ಅವರೇ ಆರಿಸಿದರು: ಕನಕದಾಸರ ‘ರಾಮಧಾನ್ಯ ಚರಿತೆ’. ಕನಕರು ಹುಟ್ಟಿದ ಬಾಡ ಇರುವುದು ನಮ್ಮ ಶಿಗ್ಗಾಂವ ತಾಲ್ಲೂಕಿನಲ್ಲೇ. ಪ್ರತಿ ವರ್ಷ ಜಯಂತಿ ಮಾಡುತ್ತೇವೆ, ಮೆರವಣಿಗೆ ತೆಗೆಯುತ್ತೇವೆ. ಕೃತಿಯನ್ನು ಮಾತ್ರ ಅಂದು ಸೇರಿದವರಲ್ಲಿ ಇಬ್ಬರೇ ಪೂರ್ತಿ ಓದಿದ್ದರು.

ಹಗೇವಿನ ಪಾಠ

ಕಥೆ ಗೊತ್ತಿರುವುದೇ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂದು ಅಕ್ಕಿಗೂ ರಾಗಿಗೂ, ಅಂದರೆ ಕನಕರ ಮಾತಿನಲ್ಲಿ ವ್ರೀಹಿಗೂ ನರೆದಲೆಗನಿಗೂ, ಜಗಳ ಹತ್ತುತ್ತದೆ. ಶ್ರೀರಾಮ ತಕ್ಷಣ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಅಕ್ಕಿ ಕಂದಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಉಳ್ಳವರ ಧಾನ್ಯಕ್ಕೂ ಬಡವರ ಧಾನ್ಯಕ್ಕೂ ನಡೆದ ವಾದದ ಮೂಲಕ ಕವಿ ಸಮಾಜದ ಮೇಲುಕೀಳನ್ನು ಪ್ರಶ್ನಿಸಿದ್ದಾರೆ ಎಂದು ತರಗತಿಗಳಲ್ಲಿ ಹೇಳುತ್ತಾರೆ. ಶಿಕ್ಷಕರು ಹೇಳಿದ್ದೂ ಅದನ್ನೇ. ನನಗೆ ಗೊತ್ತಿದ್ದುದೂ ಅಷ್ಟೇ.

ಅಷ್ಟು ಹೊತ್ತೂ ಸುಮ್ಮನಿದ್ದ ಹಿರಿಯ ರೈತರು ಕೇಳಿದರು: ‘ಸಾಹೇಬ್ರ, ಆರು ತಿಂಗಳು ಸೆರಿಯೊಳಗ ಇಟ್ಟಾ ಅಂದ್ರ ಹಗೇವಿನ್ಯಾಗ ಇಟ್ಟಂಗ ಅಲ್ಲೇನ್ರಿ? ಅಕ್ಕಿಗೆ ಹುಳ ಬೀಳತೈತಿ. ರಾಗಿಗೆ ಲಗೂನ ಬೀಳಂಗಿಲ್ಲ. ರಾಮ ನ್ಯಾಯ ಮಾಡಿದ್ದು ಒಕ್ಕಲಿಗ ಮಾಡಿಧಂಗ ಐತಿ.’

ಪಡಸಾಲೆ ಒಂದು ಕ್ಷಣ ನಿಶ್ಶಬ್ದವಾಯಿತು. ಹಗೇವೆಂದರೆ ನೆಲದೊಳಗೆ ತೋಡಿದ ಧಾನ್ಯದ ಕಣಜ. ನಮ್ಮ ಭಾಗದ ಹಳೆಯ ಮನೆಗಳಲ್ಲಿ, ಊರ ಬಯಲುಗಳಲ್ಲಿ ಇರುತ್ತಿತ್ತು. ಸುಗ್ಗಿಯ ಜೋಳವನ್ನು ಅದರಲ್ಲಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆ ಕಾಯ್ದಿಡುತ್ತಿದ್ದರು. ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತದೆ ಎಂಬುದು ಕೃಷಿ ವಿಜ್ಞಾನವೂ ಒಪ್ಪುವ ಮಾತು. ಧಾನ್ಯದ ಬೆಲೆ ಸುಗ್ಗಿಯ ದಿನ ತಿಳಿಯುವುದಿಲ್ಲ, ಕೊರತೆಯ ದಿನ ತಿಳಿಯುತ್ತದೆ. ಆಹಾರ ಭದ್ರತೆಯ ಬಗ್ಗೆ ಎಷ್ಟೋ ಕಡತಗಳನ್ನು ನೋಡಿದ ನನಗೆ 16ನೆಯ ಶತಮಾನದ ಕಾವ್ಯವೊಂದರೊಳಗೆ ದಾಸ್ತಾನಿನ ಪರೀಕ್ಷೆಯೊಂದು ಕುಳಿತಿರುವುದು ಕಂಡಿರಲಿಲ್ಲ. ಮೇಲುಕೀಳಿನ ಅರ್ಥ ಇದರಿಂದ ಸುಳ್ಳಾಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು: ಕಷ್ಟಕಾಲದಲ್ಲಿ ಯಾರು ತಾಳಿ ನಿಲ್ಲುತ್ತಾರೋ ಅವರೇ ದೊಡ್ಡವರು.

ಆ ರೈತರು ಓದಿದ್ದು ನಾಲ್ಕನೆಯ ಇಯತ್ತೆ. ಕಾವ್ಯವನ್ನು ಅವರು ಓದಿರಲಿಲ್ಲ, ಕೇಳಿದ್ದರು. ಶಿಕ್ಷಕರು ಗಟ್ಟಿಯಾಗಿ ಓದುತ್ತಿದ್ದರು. ಒಬ್ಬೊಬ್ಬರೇ ಮನೆಯಲ್ಲಿ ಕುಳಿತು ಓದಿದ್ದರೆ ಹಗೇವಿನ ಮಾತು ನಮಗೆ ಸಿಗುತ್ತಿರಲಿಲ್ಲ.

ಹಳೆಯ ರೂಢಿ

ಪುಸ್ತಕ ಬಳಗವೆಂದರೆ ಬೆಂಗಳೂರಿನ ಕಾಫಿ ಅಂಗಡಿಯಲ್ಲೋ ಕಬ್ಬನ್ ಪಾರ್ಕಿನ ಹುಲ್ಲುಹಾಸಿನ ಮೇಲೋ ನಡೆಯುವ ಹೊಸ ಬಗೆಯ ಚಟುವಟಿಕೆ ಎಂದು ನಮ್ಮಲ್ಲಿ ಅನೇಕರ ಭಾವನೆ. ಅವೂ ನಡೆಯಲಿ, ಸಂತೋಷವೇ. ಆದರೆ ಕೂಡಿ ಓದುವುದು ಈ ನೆಲಕ್ಕೆ ಹೊಸದಲ್ಲ. ಶ್ರಾವಣದಲ್ಲಿ ಮಠಗಳಲ್ಲಿ ನಡೆಯುವ ಪುರಾಣ, ಚಾವಡಿಯಲ್ಲಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುತ್ತಿದ್ದ ಕುಮಾರವ್ಯಾಸನ ಭಾರತ, ರಾತ್ರಿಯ ಭಜನೆಯ ನಡುವೆ ಒಂದು ನುಡಿಯ ಅರ್ಥಕ್ಕಾಗಿ ನಡೆಯುವ ವಾದ, ಇವೆಲ್ಲ ಮತ್ತೇನು? ಇದೇ ತಾಲ್ಲೂಕಿನ ಶಿಶುನಾಳದ ಶರೀಫರು ಕಳಸದ ಗೋವಿಂದ ಭಟ್ಟರ ಜೊತೆಗೂಡಿದ್ದು ಅರಿವಿನ ಮಾತಿಗಾಗಿ. ಜಾತಿ ಮತಗಳು ಆ ಮಾತುಕತೆಗೆ ಅಡ್ಡಬರಲಿಲ್ಲ.

ನಮ್ಮ ಜಿಲ್ಲೆಯ ಗಳಗನಾಥರನ್ನು ನೆನೆಯಿರಿ. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಹೆಸರಿನ ಈ ಶಾಲಾ ಮಾಸ್ತರರು (1869–1942) ಕನ್ನಡಕ್ಕೆ ಕಾದಂಬರಿ ಓದುಗರನ್ನು ದೊರಕಿಸಿಕೊಟ್ಟವರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕತ್ವ ವಹಿಸಿದ್ದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ, ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. ಓದುಗ ಬರಲಿ ಎಂದು ಕಾಯಲಿಲ್ಲ, ತಾವೇ ಹುಡುಕಿಕೊಂಡು ಹೋದರು.

ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಅದಕ್ಕೆ ಬಲವಾಗಿ ನಿಂತವರು ಚಂದಾದಾರರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಗ್ರಂಥಮಾಲೆಯ ಅಟ್ಟದ ಹೆಸರು ಇಂದಿಗೂ ಉಳಿದಿರುವುದು ಅಲ್ಲಿ ದಾಸ್ತಾನಿದ್ದ ಪುಸ್ತಕಗಳಿಂದಲ್ಲ, ಕುಳಿತು ಮಾತನಾಡಿದವರಿಂದ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್, ಒಂದು ಹಳ್ಳಿಯಲ್ಲೂ ಗಂಭೀರವಾದ ಸಾಂಸ್ಕೃತಿಕ ಚರ್ಚೆ ಸಾಧ್ಯವೆಂದು ದಶಕಗಳಿಂದ ತೋರಿಸುತ್ತ ಬಂದಿದೆ.

ಕಟ್ಟಡವಿದೆ, ಕುರ್ಚಿಯಿದೆ

ಇಂದು ನಮಗೆ ಸೌಕರ್ಯಗಳ ತೀವ್ರ ಕೊರತೆಯೇನೂ ಇಲ್ಲ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಅನೇಕ ಕಡೆ ಇವನ್ನು ಈಗ ‘ಅರಿವು ಕೇಂದ್ರ’ವೆಂದು ಕರೆಯುತ್ತಾರೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳ ಸಾಲಿನಲ್ಲಿ ನಾನೂ ಧೂಳು ಕುಡಿಯುತ್ತ ಓಡಾಡಿದ್ದೇನೆ. ಪುಸ್ತಕದ ಚೀಲ ಹಿಡಿದ ಎಷ್ಟು ಜನ! ಅವರೆಲ್ಲ ತಂತಮ್ಮ ಊರಿಗೆ ಹೋಗಿ, ಕೊಂಡ ಪುಸ್ತಕ ಓದಿ, ಆಮೇಲೆ ಯಾರೊಡನೆ ಮಾತನಾಡಿದರು?

ಸರ್ಕಾರ ಕಟ್ಟಡ ಕೊಡಬಲ್ಲದು, ಪುಸ್ತಕ ಕೊಡಬಲ್ಲದು. ಮಾತುಕತೆಯನ್ನು ಆದೇಶ ಹೊರಡಿಸಿ ತರಲಾಗದು. ತಂದರೆ ಅದು ನನ್ನ ನಲವತ್ತು ನಿಮಿಷದ ಭಾಷಣದಂತಾಗುತ್ತದೆ. ‘ಪ್ರತಿ ಓದುಗನಿಗೆ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೆ ಅದರ ಓದುಗ’ ಎಂಬ ಆಶಯದ ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಕೊಟ್ಟರು. ಅದಕ್ಕೆ ಇನ್ನೊಂದು ಸೇರಿಸಬಹುದಾದರೆ, ಪ್ರತಿ ಓದುಗನಿಗೆ ಇನ್ನೊಬ್ಬ ಓದುಗ ಎಂದು ಸೇರಿಸುತ್ತೇನೆ.

ಇದಕ್ಕೆ ದೊಡ್ಡ ವೆಚ್ಚವೂ ಇಲ್ಲ. ರೊಟ್ಟಿಯನ್ನು ಒಬ್ಬರು ತಿಂದರೆ ಇನ್ನೊಬ್ಬರಿಗಿಲ್ಲ. ಪುಸ್ತಕ ಹಾಗಲ್ಲ, ಹತ್ತು ಜನ ಉಂಡರೂ ಬಟ್ಟಲು ತುಂಬಿಯೇ ಇರುತ್ತದೆ. ಒಂದೇ ಪ್ರತಿ ಇದ್ದರೆ ಗಟ್ಟಿಯಾಗಿ ಓದಿದರಾಯಿತು. ನೋಂದಣಿ, ಪದಾಧಿಕಾರಿಗಳು, ಬ್ಯಾನರ್, ಹಾರ ತುರಾಯಿ ಬೇಡ. ಇವು ಬಂದ ದಿನವೇ ಬಣಗಳೂ ಬರುತ್ತವೆ. ಬೇಕಾದದ್ದು ತಪ್ಪದ ಒಂದು ದಿನ, ಹೆಣ್ಣುಮಕ್ಕಳಿಗೂ ಒದಗುವ ಒಂದು ಹೊತ್ತು, ನಾಲ್ಕು ಚಾಪೆ, ಮತ್ತು ಹೆಚ್ಚು ಓದಿದವರು ಕಡಿಮೆ ಮಾತನಾಡುವ ಒಂದು ಕಟ್ಟಳೆ. ನಿಮ್ಮ ಊರಿನ ಗ್ರಂಥಪಾಲಕರನ್ನು ಕೇಳಿ ನೋಡಿ; ಯಾರು ಏನು ಓದುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರ ಅನುಮತಿಯೊಡನೆ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದರೂ ಸಾಕು.

ನಮ್ಮ ಬಳಗದಲ್ಲಿ ಕೆಲವು ಭಾನುವಾರ ಹದಿನೈದು ಜನ, ಕೆಲವು ಭಾನುವಾರ ನಾಲ್ವರೇ. ಬಿತ್ತನೆಯ ದಿನಗಳಲ್ಲಿ ರೈತರು ಬರುವುದಿಲ್ಲ. ಲಗ್ನಸರಾಯಿಯಲ್ಲಿ ಹೊಲಿಗೆಯ ಅಕ್ಕನಿಗೆ ಬಿಡುವಿಲ್ಲ. ಅದು ಇರುವುದೇ ಹಾಗೆ. ‘ಗ್ರಾಮಾಯಣ’ವನ್ನೂ ಕೂಡಿ ಓದಿದೆವು. ಕೊನೆಯ ಅಧ್ಯಾಯ ಮುಗಿದಾಗ ಅಕ್ಕ ತಮ್ಮ ಹಳೆಯ ಪ್ರಶ್ನೆಯನ್ನು ಎತ್ತಿದರು. ಕಂಡಕ್ಟರರು ಒಂದು ಉತ್ತರ ಕೊಟ್ಟರು, ರೈತರು ಇನ್ನೊಂದು ಕೊಟ್ಟರು. ಇಬ್ಬರೂ ಒಪ್ಪಲಿಲ್ಲ, ಅಕ್ಕನೂ ಒಪ್ಪಲಿಲ್ಲ. ಮಧ್ಯಾಹ್ನ ಎರಡು ಗಂಟೆಯಾದರೂ ವಾದ ಮುಗಿಯಲಿಲ್ಲ.

ಪುಸ್ತಕವನ್ನು ಹಿಂದಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಚೀಟಿಯ ಮೇಲೆ ಗ್ರಂಥಪಾಲಕರು ಹೊಸ ದಿನಾಂಕದ ಮುದ್ರೆ ಒತ್ತಿದರು. ನೋಡುವವರಿಗೆ ಅದು ಒಂದೇ ಮುದ್ರೆ. ಈ ಸಲ ಅದರ ಹಿಂದೆ ಹನ್ನೊಂದು ಜನ ಇದ್ದೆವು.