ಚೀಟಿ ಕೂಗುವ ಮುನ್ನ
ನಾನು ಕಟ್ಟುವ ಚೀಟಿಯಲ್ಲಿ 20 ಜನ. ತಿಂಗಳಿಗೆ ತಲಾ 5,000, ಒಟ್ಟು ಒಂದು ಲಕ್ಷ. ತುರ್ತಿದ್ದವರು ಕೂಗುತ್ತಾರೆ. ಯಾರೋ 20,000 ಬಿಟ್ಟುಕೊಟ್ಟರೆ ಅವರ ಕೈಗೆ 80,000. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಕಳೆದು ಉಳಿದದ್ದು ಎಲ್ಲರಿಗೂ ಹಂಚಿಕೆ, ತಲಾ 750. ಆ ತಿಂಗಳು ನಾನು ಕಟ್ಟುವುದು 4,250 ಅಷ್ಟೇ. ಮೊದಲೇ ಎತ್ತಿದವರಿಗೆ ಇದು ಸಾಲ, ಕೊನೆತನಕ ಕಾದವರಿಗೆ ಉಳಿತಾಯ. ಮಗಳ ಕಾಲೇಜು ಫೀಸು ಕಟ್ಟಬೇಕಾದದ್ದು ಜೂನ್‌ನಲ್ಲಿ. ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ. (ಪಕ್ಕದ ಮನೆಯವರು ಟೀವಿಗೆಂದು ಎರಡನೇ ತಿಂಗಳೇ ಕೂಗಿದರು. ದುಬಾರಿ ಟೀವಿ!) 1982ರ ಚಿಟ್ ಫಂಡ್ ಕಾಯ್ದೆಯಂತೆ ಇಂಥ ಚೀಟಿಗೆ ಸರ್ಕಾರದ ಅನುಮತಿ, ನೋಂದಣಿ ಬೇಕು; 2019ರ ತಿದ್ದುಪಡಿ ಕಮಿಷನ್ ಮಿತಿಯನ್ನು ಶೇ. 5ರಿಂದ 7ಕ್ಕೆ ಏರಿಸಿತು. ಬಾಯಿಮಾತಿನ ಚೀಟಿ ಮುಳುಗಿದರೆ ತೋರಿಸಲು ಕಾಗದವೇ ಇರುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದು ನೋಂದಣಿ ಸಂಖ್ಯೆಯನ್ನು.